ಇವತ್ತೂ ಏನೂ ಸೇರಲಿಲ್ಲ

ಬೇಯಿಸಿದ ಮೊಟ್ಟೆಯ ಕೊನೆಯ ತುಂಡನ್ನು ನುಂಗಿ, ಬಾಯಿ ಒರೆಸಿಕೊಂಡು ಗಡಿಯಾರ ರಿಪೇರಿಯವನು ಫೋನೆತ್ತಿದ. "ಇಲ್ಲ ಕಣಮ್ಮ, ಇವತ್ತೂ ಏನೂ ಸೇರಲಿಲ್ಲ," ಎಂದ, ದನಿಯನ್ನು ಆದಷ್ಟು ಸೊರಗಿಸಿ.

ಕ್ಯಾನ್ಸರ್ ಆಸ್ಪತ್ರೆಯ ಡಯಟಿಷಿಯನ್ ಹುಡುಗಿ ದಿನಾ ಮಧ್ಯಾಹ್ನ ಅವನ ಊಟ ವಿಚಾರಿಸುತ್ತಿದ್ದಳು. ಮೊದಲ ವಾರ ಅವನು "ತಿಂದೆ" ಎಂದು ನಿಜವನ್ನೇ ಹೇಳಿದ್ದ. "ಒಳ್ಳೇದು" ಎಂದು ಅವಳು ಅರೆಗಳಿಗೆಯಲ್ಲಿ ಫೋನಿಡುತ್ತಿದ್ದಳು. ಆಮೇಲೆ ಮರುದಿನದವರೆಗೆ ಆ ಮನೆಯಲ್ಲಿ ಗಡಿಯಾರಗಳದ್ದೇ ಮಾತು. ಒಂದು ದಿನ ವಾಂತಿಯಾಗಿ "ತಿಂದಿಲ್ಲ" ಎಂದಾಗ ಹತ್ತು ನಿಮಿಷ ಬೈದಳು, ಪುಸಲಾಯಿಸಿದಳು, ಬೀದೀಲಿ ಎರಡು ಸುತ್ತು ನಡೆದು ಬಂದು ತಿನ್ನಿ ಎಂದು ಗೋಗರೆದಳು. ಅಂದಿನಿಂದ ಅವನು ತಿಂದದ್ದನ್ನು ಒಪ್ಪಿಕೊಂಡದ್ದೇ ಇಲ್ಲ.

ಇವತ್ತು ಅವಳು ಬೈಯಲಿಲ್ಲ. "ಯಜಮಾನ್ರೇ, ನಿನ್ನೆ ಇಲ್ಲಿ ನಿಮ್ಮ ತೂಕ ನೋಡಿದ್ರಲ್ಲ, ಒಂದೂವರೆ ಕಿಲೋ ಏರಿದೆ. ಗಾಳಿ ಕುಡಿದು ಏರಿತಾ?"

ನಾಳೆಯಿಂದ ಫೋನೂ ಬರುವುದಿಲ್ಲ ಎಂದುಕೊಂಡ. "ತಿಂದೆ ಅಂದ್ರೆ ನೀನು ಫೋನ್ ಇಟ್ಬಿಡ್ತೀಯಲ್ಲಮ್ಮ," ಎಂದ ಮೆಲ್ಲಗೆ.

ಆ ಕಡೆಯಿಂದ ಊಟದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. "ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದಳು. "ಈಗ ನೀವು ಬೈರಿ, ನಾನು ತಿಂತೀನಿ."