ಮೂತಿಯ ಲೆಕ್ಕ

ಇಲ್ಲೇನೋ ಎಡವಟ್ಟಾಗಿದೆ ಎಂದು ಚಲುವರಾಜುವಿಗೆ ಅನ್ನಿಸಿತು. ಹೆಣ್ಣು ನೋಡಲು ಹೋದ ಮನೆಯಲ್ಲಿ ಯಾರೂ ಅವನಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಹುಡುಗಿಯ ತಾಯಿ, ಬೆಟ್ಟದಪುರದ ಚಿಕ್ಕಬೀರಮ್ಮ ಬಾಗಿಲಲ್ಲೇ ಕೈಮುಗಿದು "ಬನ್ನಿ ಸ್ವಾಮಿ" ಎಂದಿದ್ದರು. ಕಾಲು ತೊಳೆಯಲು ನೀರು, ಕೂರಲು ಮಣೆ, ಮುಂದೆ ತಟ್ಟೆ ತುಂಬ ನಿಂಬೆಹಣ್ಣು. ಶರಬತ್ತು ಬರುತ್ತದೆಂದು ಕಾದ.

ಮೂವತ್ತೈದು ದಾಟಿದರೂ ಅವನಿಗೆ ಹೆಣ್ಣು ಸಿಗದಿರಲು ಕಾರಣ ಅವನ ಕೆಲಸ. ಕಾರ್ಖಾನೆಯಲ್ಲಿ ಪಂಪಿಗೆ ಪೈಪು ಸೇರುವ ಮೂತಿ ಇರುತ್ತದಲ್ಲ, ಅದನ್ನು ಬಿರುಗಾಳಿ ಎಷ್ಟು ಎಳೆಯುತ್ತದೆ, ಭೂಕಂಪ ಎಷ್ಟು ಅಲುಗಿಸುತ್ತದೆ, ಮೂತಿ ತಡೆದೀತೇ ಎಂದು ಲೆಕ್ಕ ಹಾಕುವುದು. ಸಂಬಳ ಚೆನ್ನಾಗಿತ್ತು, ಅರ್ಥವಾಗುವ ಮಾವ ಸಿಕ್ಕಿರಲಿಲ್ಲ. ಕೆ.ಆರ್. ನಗರದವರು ಎಲ್ಲ ಕೇಳಿ, "ಅಂದ್ರೆ ಪ್ಲಂಬರ್ರು ಅನ್ನಿ" ಎಂದರು. ಹುಣಸೂರಿನವರಂತೂ ಮಗಳನ್ನು ನಿಜವಾದ ಪ್ಲಂಬರಿಗೇ ಕೊಟ್ಟರು. ಭೂಕಂಪಕ್ಕೂ ಅಲುಗದ ಪೈಪು ಕೂರಿಸುವ ತನಗೆ ಒಂದು ಸಂಬಂಧ ಕೂರಿಸಲಾಗುತ್ತಿಲ್ಲವಲ್ಲ ಎಂದು ಚಲುವರಾಜು ತನ್ನನ್ನೇ ಆಡಿಕೊಳ್ಳುತ್ತಿದ್ದ.

ಅವನ ತಾಯಿ ಚಾಮುಂಡಮ್ಮ ಆ ವಿವರಣೆಯನ್ನು ಸುಲಭ ಮಾಡಿದರು. ಕಂಡಕಂಡವರಿಗೆ, "ನನ್ ಮಗ ಎಂಥಾ ಗಾಳಿಗೂ ಲೆಕ್ಕ ಬಲ್ಲ" ಎಂದರು. ಮಾತು ಬಾಯಿಂದ ಬಾಯಿಗೆ ದಾಟಿ, ಚಿಕ್ಕಬೀರಮ್ಮನವರೇ ಫೋನು ಮಾಡಿದರು: "ನೀವು ನಮ್ ಉಡ್ಗೀನ ಒಂದ್ಸತಿ ಬಂದು ನೋಡ್ಬೇಕಲ್ಲ." ತಾಯಿಗೆ ಮಂಡಿನೋವು. ಒಬ್ಬನೇ ಬಂದಿದ್ದ.

ಹುಡುಗಿ ಅನುಶ್ರೀ ಕಂಬಕ್ಕೆ ಒರಗಿ ಕೂತಿದ್ದಳು. ಅವನನ್ನೊಮ್ಮೆ ದುರುಗುಟ್ಟಿ ನೋಡಿ ಮುಖ ತಿರುಗಿಸಿದಳು. ನಾಚಿಕೆ, ಎಂದುಕೊಂಡ. ನೋಡಿದ ಕೂಡಲೇ ಅವನಿಗೆ ಇಷ್ಟವಾಗಿಬಿಟ್ಟಳು.

"ಗಾಳಿ ಯಾವ ಕಡೆಯಿಂದ ಬತ್ತದೆ ಅಂತ ಗೊತ್ತಾಯ್ತದಾ?" ಚಿಕ್ಕಬೀರಮ್ಮ ಕೇಳಿದರು.

"ನಾಕೂ ದಿಕ್ಕಿಂದ ಬತ್ತದೆ ಅಂತ್ಲೇ ಇಡ್ಕತೀವಿ ಕಣಮ್ಮ."

"ನಡುಕ?"

"ಅದೂ ನಮ್ದೇ. ನಡುಕ ಬಂದ್ರೆ ಮೊದ್ಲು ತಿರುಚ್ಕಳೋದು ಮೂತಿನೇ."

"ದಿಟ ಸ್ವಾಮಿ!" ಚಿಕ್ಕಬೀರಮ್ಮ ಎದೆಗೆ ಕೈ ಇಟ್ಟುಕೊಂಡರು. "ಎಲ್ಡೂ ಒಟ್ಗೇ ಬಂದ್ರೆ?"

ಚಲುವರಾಜುವಿನ ಕಣ್ಣು ತುಂಬಿತು. ಆಫೀಸಿಗೆ ಸೇರುವ ಹೊಸಬರಿಗೂ ಹೊಳೆಯದ ಪ್ರಶ್ನೆ. ಕಂಕಣಬಲ ಕೂಡಿ ಬರುವುದೆಂದರೆ ಇದೇ ಇರಬೇಕು.

"ಒಟ್ಗೆ ಬರಾಕಿಲ್ಲ ಅಂತ ನಮ್ ಶಾಸ್ತ್ರ. ಒಂದೊಂದಾಗಿ ನೋಡ್ತೀವಿ. ಯಾವ್ದು ಜೋರೋ ಅದ್ನ ತಡ್ಕಂಡ್ರೆ ಸಾಕು."

"ತಡೀನಿಲ್ಲ ಅಂದ್ರೆ?"

"ಅಲ್ಲಾಡ್ದಂಗೆ ಬಿಗಿಯಾಗಿ ಕಟ್ಟಾಕ್ತೀವಿ."

ಅನುಶ್ರೀ ಧಡಕ್ಕನೆ ಎದ್ದು ಒಳಗೆ ಓಡಿದಳು. ಎಂಥ ನಾಚಿಕೆ! ಇನ್ನು ತಡೆಯಲಾರದೆ ಚಲುವರಾಜು ತಾನೇ ಬಾಯಿಬಿಟ್ಟ.

"ನಂಗೆ ಒಪ್ಗೆ ಕಣಮ್ಮ. ನೀವೇನಂತೀರಿ?"

ಚಿಕ್ಕಬೀರಮ್ಮ ಅವನ ಕಾಲಿಗೇ ಬಿದ್ದರು. "ದೊಡ್ಡ ಮನ್ಸು ಮಾಡಿದ್ರಿ ಸ್ವಾಮಿ. ಬರೋ ತಿಂಗ್ಳು ಇವ್ಳ ಮದ್ವೆ. ಗಂಡಿನ್ ಕಡೆಯೋರ್ಗೆ ಗೊತ್ತಾಗಕ್ ಮುಂಚೆ, ಉಡ್ಗೀನ ಮೆಟ್ಕಂಡಿರೋ ಗಾಳೀನ ಬುಡ್ಸ್‌ಬುಡಿ!"