ಐವತ್ತೆರಡು

ಪ್ರಫುಲ್ಲಾ ಮೀಟರನ್ನು ಮೂರನೆಯ ಸಲ ನೋಡಿದಳು. ಗೊಬ್ಬರ ಕಾರ್ಖಾನೆಯ ಚಿಮಣಿ ಉಗುಳುತ್ತಿದ್ದ ಅಮೋನಿಯ ಐವತ್ತೆರಡಕ್ಕೆ ಏರಿತ್ತು. ಐವತ್ತು ದಾಟಿತೆಂದು ಅವಳು ವರದಿ ಕಳಿಸಿದರೆ ಸೈರನ್ ಕೂಗುತ್ತದೆ. ಹಳಿಗಳ ಮೇಲೆ ಕಟ್ಟಿದ ಊರು ಮನೆ, ಶಾಲೆ, ಮೀನಂಗಡಿ ಸಮೇತ ಎಂಟು ಮೈಲಿ ಆಚೆ ಸರಿಯುತ್ತದೆ. ಈ ತಿಂಗಳು ಆಗಲೇ ಎರಡು ಸಲ ಸರಿದಿತ್ತು.

ಆದರೆ ಇವತ್ತು ತಂಗಿ ವಿನೋದಾ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ನೋವು ತಿನ್ನುತ್ತಿದ್ದಳು.

ನರ್ಸ್ ಬೆನೆಡಿಕ್ಟಾ ಫೋನಿನಲ್ಲಿ ಗದರಿದಳು: "ತಲೆ ಕಾಣ್ತಾ ಉಂಟು ಮಾರಾಯ್ತಿ. ಕಟ್ಟಡ ಅಲುಗಾಡಿದರೆ ನಾನೇನು ಮಾಡಲಿ? ಅರ್ಧ ಗಂಟೆ ನಲವತ್ತೊಂಬತ್ತು ಅಂತ ಬರೆ. ಯಾರಿಗೆ ಗೊತ್ತಾಗ್ತದೆ?"

ಪ್ರಫುಲ್ಲಾ ಚಿಮಣಿಯ ಬುಡದ ತನ್ನ ಗಾಜಿನ ಕೋಣೆಯಲ್ಲಿ ಅತ್ತಿಂದಿತ್ತ ಸುತ್ತಿದಳು. ನಲವತ್ತೊಂಬತ್ತು ಎಂದು ಒತ್ತಿಯೂ ಒತ್ತಿದಳು. ಕಳಿಸಲು ಬೆರಳು ಏಳಲಿಲ್ಲ. ಮಗು ಎಳೆದುಕೊಳ್ಳುವ ಮೊದಲ ಉಸಿರು ಇದೇ ಗಾಳಿಯಲ್ಲವೇ? ಒತ್ತಿದ್ದನ್ನು ಅಳಿಸಿ, ಮೀಟರಿನಲ್ಲಿ ಇದ್ದದ್ದನ್ನೇ ಕಳಿಸಿದಳು.

ಸೈರನ್ ಕೂಗಿತು. ಊರು ಕಿರುಗುಟ್ಟುತ್ತಾ ಹೊರಟಿತು. ಅಳೆಯುವವಳು ಮಾತ್ರ ಚಿಮಣಿ ಬಿಟ್ಟು ಹೋಗುವಂತಿಲ್ಲ. ಮುಖವಾಡ ಬಿಗಿದುಕೊಂಡು, ಆಸ್ಪತ್ರೆಯ ಹಸಿರು ಹೆಂಚಿನ ಮಾಡು ಮರೆಯಾಗುವವರೆಗೂ ಕಿಟಕಿಗೆ ಅಂಟಿ ನಿಂತಳು.

ನಲವತ್ತು ನಿಮಿಷ ಕಳೆದು ಫೋನ್ ಬಂತು. ವಿನೋದಾಳೇ.

"ನಿನ್ನ ಮೇಲೆ ಕೋಪ ಉಂಟು ಅಕ್ಕಾ," ಎಂದಳು, ಏದುಸಿರು ಬಿಡುತ್ತಾ. "ಮಂಚ ಹಿಡಿದುಕೊಳ್ಳಲಿಕ್ಕೆ ನಾಲ್ಕು ಜನ ಬೇಕಾಯಿತು. ಹೆಣ್ಣು ಮಗು. ಅಳುವುದನ್ನು ಕೇಳು."

ಅಳು ಜೋರಾಗಿತ್ತು. ಪ್ರಫುಲ್ಲಾ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಲೇ ಇದ್ದಳು. ಮುಖವಾಡದೊಳಗೆ ಇಳಿಯುತ್ತಿದ್ದ ಕಣ್ಣೀರನ್ನು ಒರೆಸಿಕೊಳ್ಳಲು ದಾರಿಯಿರಲಿಲ್ಲ.