ಮುಳ್ಳು ಎಂಬತ್ತೆಂಟಕ್ಕೆ ಹೋದದ್ದು

ಇಂಗ್ಲಿಷ್ ಎಂ.ಎ. ಮೌಖಿಕ ಪರೀಕ್ಷೆಗೆ ಎದೆಮಾಪಕ ಬಂದು ಹನ್ನೆರಡು ವರ್ಷವಾಗಿತ್ತು. ಪದ್ಯ ಓದುವಾಗ ಎದೆ ನಿಜಕ್ಕೂ ಕಲಕಿದರೆ ಅದರ ಮುಳ್ಳು ಏಳುತ್ತದೆ. ಮೂವತ್ತೈದು ಮುಟ್ಟಿದರೆ ಪಾಸು. ಗುರುಶಾಂತಪ್ಪ ಮೇಷ್ಟ್ರು ಅದಕ್ಕೂ ನೋಟ್ಸ್ ಬರೆಸಿದ್ದರು: ‘ಮೂರನೇ ಸಾಲಿನಲ್ಲಿ ರೂಪಕಾಲಂಕಾರವಿದೆ. ಇಲ್ಲಿ ತೀರಿಹೋದ ಅಜ್ಜಿಯನ್ನು ನೆನೆಯುವುದು.’ ಅಂದು ಬೆಳಿಗ್ಗೆ ಅಜ್ಜಿಯ ಕೈಯಿಂದಲೇ ಬುತ್ತಿ ಕಟ್ಟಿಸಿಕೊಂಡು ಬಂದವರೂ ಆಕೆಯನ್ನು ಮನಸ್ಸಿನಲ್ಲೇ ಸಾಯಿಸಿ ಮೂವತ್ತಾರು ತೆಗೆದರು.

ಕೊನೆಗೆ ಬಂದವಳು ನಾಗವೇಣಿ. ಎಲ್ಲರೂ ಓದಬೇಕಾದದ್ದು ಹೊರೆ ಹೊತ್ತು ಸತ್ತ ಕತ್ತೆಯ ಮೇಲೆ ಕಡಲಾಚೆಯ ಕವಿಯೊಬ್ಬ ಬರೆದ ಪದ್ಯ. ಅವಳು ಓದುತ್ತಾ ಹೋದಂತೆ ಮುಳ್ಳು ಎಂಬತ್ತೆಂಟಕ್ಕೆ ಹೋಗಿ ನಿಂತಿತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಮಾಪಕವನ್ನು ಎರಡು ಸಲ ತಟ್ಟಿ ನೋಡಿದರು. “ಯಾವ ಅಜ್ಜೀನಮ್ಮ ನೆನೆಸ್ಕೊಂಡೆ?”

“ಅಜ್ಜಿ ಅಲ್ಲ ಸಾರ್. ಆ ಕತ್ತೆ... ಪಾಪ ಅನ್ನಿಸ್ತು.”

“ಕತ್ತೇನಾ? ನಿಮ್ಮ ನೋಟ್ಸಲ್ಲಿ ಇದು ಇಲ್ವಲ್ರೀ ಗುರುಶಾಂತಪ್ಪ!” ಎಂದ ಪರೀಕ್ಷಕರು ಡಿಬಾರ್ ಫಾರಂ ಮುಂದೆ ತಳ್ಳಿದರು. ಕಾರಣದ ಜಾಗದಲ್ಲಿ ‘ನೋಟ್ಸ್ ಬಿಟ್ಟು ಪದ್ಯವನ್ನೇ ನೇರವಾಗಿ ಬಳಸಿದ್ದಾಳೆ’ ಎಂದಿತ್ತು. ಮೇಷ್ಟ್ರು ತಲೆ ತಗ್ಗಿಸಿ ಸಹಿ ಹಾಕಿದರು. ನಾಗವೇಣಿ ಅವರ ಮುಖವನ್ನೊಮ್ಮೆ ನೋಡಿ ಹೊರಟುಹೋದಳು.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಮಾಪಕವನ್ನು ತಮ್ಮ ಎದೆಗೇ ಕಟ್ಟಿಕೊಂಡು, ಇಪ್ಪತ್ತಾರು ವರ್ಷ ಪಾಠ ಮಾಡಿದ್ದ ಆ ಪದ್ಯವನ್ನು ಓದಿದರು. ಮುಳ್ಳು ಅಲುಗಲಿಲ್ಲ. ಅಜ್ಜಿಯನ್ನು ನೆನೆದರು, ಆಗಲೂ ಅಲುಗಲಿಲ್ಲ. ಆಮೇಲೆ ಬೇಡವೆಂದರೂ ಆ ಹುಡುಗಿ ನೋಡಿದ ನೋಟ ಕಣ್ಣಮುಂದೆ ಬಂತು. ಮುಳ್ಳು ದಡಕ್ಕನೆ ತೊಂಬತ್ತಕ್ಕೆ ಏರಿತು.

ಮೇಷ್ಟ್ರು ಗಡಬಡಿಸಿ ಪಟ್ಟಿ ಬಿಚ್ಚಿದರು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಮುಂದಿನ ವರ್ಷದ ನೋಟ್ಸ್ ತೆರೆದು ಅಜ್ಜಿಯನ್ನು ಹೊಡೆದುಹಾಕಿ ಬರೆದರು: ‘ಇಲ್ಲಿ ನಾಗವೇಣಿಯನ್ನು ನೆನೆಯುವುದು.’